ಆರು ಕಿಲೋ ಹೆಚ್ಚು

ಬಂದರಿನ ಒಣಮೆಣಸಿನ ಗೋದಾಮಿನಲ್ಲಿ
ಮೂಟೆ ತೂಗುವ ಹಲಗೆಯ ಮೇಲೆ
ಎಂಟು ಮಂದಿ ಒಟ್ಟಿಗೆ ನಿಂತೆವು,
ಚಡ್ಡಿಯಲ್ಲಿ, ಸೀನುತ್ತ.
ಆರುನೂರ ನಲವತ್ತಾರು.
‘ಆರು ಹೆಚ್ಚುಂಟು’ ಅಂದರು ರೈಟರು,
ನಮ್ಮನ್ನೂ ಬಿಲ್ಲಿಗೆ ಸೇರಿಸುವವರ ಹಾಗೆ.

ನಿಯಮ ಅದು. ಹಗ್ಗಜಗ್ಗಾಟಕ್ಕೆ ಎಂಟಾಳು ಸೇರಿ
ಆರುನೂರ ನಲವತ್ತು ಮೀರಬಾರದು.
ಕಡಲಾಚೆ, ಹೆಸರು ಹೇಳಲು ನಾಲಗೆ ಇನ್ನೂ ತಿರುಗದ ಊರಿನಲ್ಲಿ
ಜಗತ್ತಿನ ಬೆಂಕಿಯವರು, ಪೊಲೀಸರು, ಆಂಬುಲೆನ್ಸಿನವರು
ಸೇರಿ ಆಡುತ್ತಾರಂತೆ.
ಪಾಸ್‌ಪೋರ್ಟಿಗೆ ಫೋಟೋ ತೆಗೆದವ ನಗಬೇಡಿ ಎಂದ,
ಟಿಕೇಟಿನ ದರ ಕೇಳಿದ ಮೇಲೆ ನಾವೂ ನಗಲಿಲ್ಲ.

ಡೆನ್ಜಿಲ್ ಬಂಗುಡೆ ಬಿಟ್ಟ, ಎರಡು ದಿನ.
ಮಳಿಯಪ್ಪನಿಗೆ ಬಾಗಲಕೋಟೆಯಿಂದ ಬಸ್ಸಿನಲ್ಲಿ ರೊಟ್ಟಿ ಬರುತ್ತದೆ,
ತಾನು ತಿನ್ನದೆ ನಮಗೆ ಹಂಚಿ ಪಾಪ ಕಟ್ಟಿಕೊಂಡ.
ಶರ್ಫುದ್ದೀನ್ ಉಪವಾಸದಲ್ಲಿ ಇಳಿಸಿದ್ದೆಲ್ಲ
ಹಬ್ಬದ ಮರುದಿನ ವಾಪಸು ಬಂತು.
ನಾನು ಐತಪ್ಪ, ಸಾಲಿನ ಕೊನೆಯವ,
ಕಂಕುಳಿಂದ ಹೆಗಲಿಗೆ ಹಗ್ಗ ಸುತ್ತಿಕೊಂಡು ಹಿಮ್ಮಡಿ ಊರುವವ.
ನಾನು ಮಾತ್ರ ಇಳಿಯಬಾರದಂತೆ.
ಲಂಗರೇ ಹಗುರಾದರೆ ದೋಣಿ ಎಲ್ಲಿಗೆ?

ಬೆಳಿಗ್ಗೆ ಐದಕ್ಕೆ, ಠಾಣೆಯ ಹಿಂದೆ,
ಕೆಟ್ಟು ನಿಂತ ಹಳೇ ನೀರಿನ ಗಾಡಿಗೆ ಕಟ್ಟಿ ಎಳೆಯುತ್ತೇವೆ.
‘ಒಯ್ಪುಲೆ!’ ಎನ್ನುತ್ತಾರೆ ಗ್ರೆಗರಿ ಮಾಸ್ತರು,
ನಿವೃತ್ತಿಯಾದರೂ ಸೀಟಿ ವಾಪಸು ಕೊಡದ ಬಜ್ಪೆಯ ಡ್ರಿಲ್ ಮಾಸ್ತರು.
‘ಹಿಂದೆ ಹೋದವ ಗೆಲ್ಲುವ ಆಟ ಮಾರಾಯ್ರೆ, ಹಿಂದೆ, ಹಿಂದೆ!’
ಮುಂದೆ ನುಗ್ಗಲಿಕ್ಕೆ ಸಂಬಳ ತೆಗೆದುಕೊಳ್ಳುವ ನಮಗೆ
ಅದನ್ನು ಕಾಲಿಗೆ ಒಪ್ಪಿಸುವುದೇ ಕಷ್ಟ.
ನಡುವೆ ಗಂಟೆ ಬಾರಿಸುತ್ತದೆ:
ಕಂಕನಾಡಿಯಲ್ಲಿ ಸಿಲಿಂಡರ್ ಸೋರಿಕೆ,
ತೆಂಗಿನ ಮರದ ತುದಿಯಲ್ಲಿ ತಲೆತಿರುಗಿದವ.
ಹಗ್ಗ ಅಂಗಳದಲ್ಲೇ ಕೇರೆಹಾವಿನ ಹಾಗೆ ಬಿದ್ದಿರುತ್ತದೆ
ನಾವು ತಿರುಗಿ ಬರುವವರೆಗೆ.

ಕಳೆದ ಭಾನುವಾರ ಬಂದರಿನ ಹಮಾಲಿಗಳೊಂದಿಗೆ ಪಂದ್ಯ.
ಹತ್ತು ನಿಮಿಷ ಹಗ್ಗ ಅತ್ತಲೂ ಇಲ್ಲ, ಇತ್ತಲೂ ಇಲ್ಲ.
ಆಮೇಲೆ ಅವರಲ್ಲಿ ಯಾರದೋ ಕಾಲು ಜಾರಿತು,
ಹಗ್ಗ ಹಗುರಾಯಿತು.
ಹಿಂದಕ್ಕೆ ಒಂದು ಹೆಜ್ಜೆ, ಅಷ್ಟೇ ಬೇಕಿದ್ದದ್ದು.
ನಾನು ಕೂಗಿ ಮುಂದಕ್ಕೆ ಮುಗ್ಗರಿಸಿದೆ,
ಎರಡೂ ಕೈ ಚಾಚಿ.
ಸೋತೆವು. ಮಾಸ್ತರು ಬಯ್ಯಲಿಲ್ಲ, ಬಗ್ಗಿ ಕೇಳಿದರು:
‘ಅವರು ಬೀಳುವಾಗ ನಿನಗೆ ಎಂತ ಹೆದರಿಕೆ?’

ವಾಮಂಜೂರಿನ ಬಾವಿಯ ವಿಷಯ ನಾನು ಹೇಳಲಿಲ್ಲ.
ಹೂಳು ತೆಗೆಯಲು ಇಳಿದ ಹುಡುಗ, ತಳದಲ್ಲಿ ಗಾಳಿ ಇಲ್ಲ.
ಮುಖವಾಡ ಹಾಕಿ ಇಳಿದು ಗಂಟು ಕಟ್ಟಿದವ ಡೆನ್ಜಿಲ್,
ಮೇಲಿನಿಂದ ಎಳೆದವ ನಾನು.
ಕೂದಲು ಕಂಡಿತ್ತು. ಹಸಿರು ಪಾಚಿಯ ಕೊನೆಯ ಸುತ್ತಿಗೆ
ಇನ್ನೊಂದೇ ಮೊಳ.
ಆಗ ಹಗ್ಗ ಹಗುರಾಯಿತು.
ನೀರಿನ ಸದ್ದು ಆಮೇಲೆ ಕೇಳಿತು.
ಐವತ್ತನಾಲ್ಕು ಕಿಲೋ ಎಂದಿತ್ತು ಆಸ್ಪತ್ರೆಯ ಕಾಗದದಲ್ಲಿ.
ಅಂದಿನಿಂದ ನನ್ನ ಅಂಗೈಗೆ
ಭಾರ ಎಂದರೆ ಜೀವ ಉಂಟು ಎಂದರ್ಥ.
ಈ ಬಗ್ಗೆ ನಾನೂ ಡೆನ್ಜಿಲನೂ ಮಾತಾಡಿದ್ದಿಲ್ಲ;
ಬಂಗುಡೆಯ ರೇಟು ಮಾತಾಡುತ್ತೇವೆ.

ನಿನ್ನೆ ರಾತ್ರಿ ಪಾಳಿಯಲ್ಲಿ, ಗಂಟೆ ಸುಮ್ಮನಿದ್ದ ಹೊತ್ತು,
ಅವನ ಕೈಗೆ ಒಂದು ತುದಿ ಕೊಟ್ಟೆ.
‘ನಾನು ಜಗ್ಗುತ್ತೇನೆ. ನೀನು ಒಮ್ಮೆಗೇ ಬಿಟ್ಟುಬಿಡು.’
‘ಎಂತಕ್ಕೆ?’
‘ಹಗುರ ಅಭ್ಯಾಸ ಆಗಬೇಕು.’
ಅವನು ಬಿಡಲಿಲ್ಲ. ಎಷ್ಟೋ ಹೊತ್ತು ಬಿಡಲಿಲ್ಲ.
ಟ್ಯೂಬ್‌ಲೈಟಿನ ಕೆಳಗೆ ಅವನ ಮೊಣಕೈ ನಡುಗುವುದು ಕಾಣುತ್ತಿತ್ತು.
‘ಬಿಡು ಮಾರಾಯ.’
ಬಿಟ್ಟ.

ಬೆನ್ನು ಮಣ್ಣಿಗೆ ತಾಗಿತು. ಮೇಲೆ, ನೀರಿನ ಟ್ಯಾಂಕಿನ ಪಕ್ಕ,
ದೀಪ ಮಿನುಗಿಸುತ್ತ ಒಂದು ವಿಮಾನ ಬಜ್ಪೆಗೆ ಇಳಿಯುತ್ತಿತ್ತು.
‘ಪೆಟ್ಟಾಯಿತಾ?’
‘ಇಲ್ಲ. ಇನ್ನೊಮ್ಮೆ.’
ಅವನು ತುದಿ ಎತ್ತಿಕೊಂಡ,
ಅಭ್ಯಾಸಬಲದಿಂದ ಗಂಟು ಹಾಕಲು ಹೋದವ
ತಡೆದು,
ಬರಿಗೈಯಲ್ಲೇ ಹಿಡಿದ.