ಚಾ

ಗುಳೇದಗುಡ್ಡದಿಂದ ರಾತ್ರಿ ಬಸ್ಸಿಗೆ ಬಂದವ ನಾನು,
ಹೊಲಿಗೆ ಮಷೀನು ರಿಪೇರಿಯವ.
ಮಡಿಕೇರಿಯ ಚಳಿಗೆ ಬೆರಳ ಗೆಣ್ಣು
ಎಣ್ಣೆ ಕಾಣದ ಶಟಲ್ಲಿನ ಹಾಗೆ ಹಿಡಿದುಕೊಂಡಿದ್ದವು.
ಒಂದು ಚಾ ಬೇಕಿತ್ತು. ಅಷ್ಟೇ.
ಅಲ್ಲ ಜಜ್ಜಿ ಹಾಕಿದ್ದು, ಕುದಿಕುದಿದು ಕೆಂಪೇರಿದ್ದು,
ಗಿಡ್ಡ ಗ್ಲಾಸಿನ ಅಂಚಿಗೆ ತುಟಿ ಅಂಟುವಂಥದ್ದು.

ಮೊದಲ ಹೋಟೆಲಿನವ ಹುಬ್ಬೇರಿಸಿದ:
"ಕಾಫಿ ಊರಿಗೆ ಬಂದು ಚಾ ಕೇಳ್ತೀರಲ್ಲ!"
ಎರಡನೆಯವ ಬಿಸಿ ಹಾಲಿಗೆ ಚೀಲ ಇಳಿಬಿಟ್ಟು ಕೊಟ್ಟ,
ಮುಳುಗಿದ ಇಲಿಮರಿಯ ಬಾಲದಂತೆ ದಾರ ಹೊರಗೆ.
ಮಷೀನಿನ ಒಡತಿ ಬೊಳ್ಳಮ್ಮ ಬೆಲ್ಲದ ಕಾಫಿ ಕೊಟ್ಟರು.
ಸುಳ್ಳು ಹೇಳಬಾರದು, ಎರಡು ಲೋಟ ಕುಡಿದೆ.
ಆದರೂ ನಾಲಿಗೆ
ಸಾಲ ಕೊಟ್ಟವನ ಹಾಗೆ ಬಾಗಿಲಲ್ಲೇ ಕೂತಿತ್ತು.

ಶುಕ್ರವಾರ. ಸಂತೆಯ ಹಿಂಬದಿ,
ಒಣಮೀನಿನ ಸಾಲು ಮುಗಿದಲ್ಲಿ
ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರು,
ಮೂರು ಕಲ್ಲು, ಒಂದು ಕರಿ ಡಬರಿ.
ಹುಡುಗನೊಬ್ಬ ನನ್ನತ್ತ ಗ್ಲಾಸು ಎತ್ತಿದ:
"ಚಾ?"

ಟೀ ಅಲ್ಲ, ಚಹಾ ಅಲ್ಲ,
ನಮ್ಮವ್ವ ಒಲೆಯ ಮುಂದಿಂದ ಕೂಗುವ ಅದೇ ಒಂದಕ್ಷರ.
ಹಾಲಿಲ್ಲ. ಅಲ್ಲವೂ ಇಲ್ಲ. ಚಿಟಿಕೆ ಉಪ್ಪು ಬೇರೆ!
ಮುಖ ಹಿಂಡಿದೆ. ಅವರೆಲ್ಲ ನಕ್ಕರು.
ರೊಕ್ಕ ತೆಗೆದರೆ ಹುಡುಗ ತಲೆಯಾಡಿಸಿ
ತನ್ನ ಜಾಕೀಟಿನ ಕೆಟ್ಟ ಜಿಪ್ಪು ತೋರಿಸಿದ.

ಕೂತೆ. ಪೆಟ್ಟಿಗೆ ಬಿಚ್ಚಿ ಇಕ್ಕಳ ಹುಡುಕಿದೆ.
ಪಕ್ಕದಲ್ಲಿ ಗ್ಲಾಸು ಮತ್ತೆ ತುಂಬುತ್ತಿತ್ತು,
ಬೇಡ ಅನ್ನಲಿಲ್ಲ.