ಏಳೂವರೆಯ ಹೆಸರುಗಳು

ಸೆಗೆಡ್ ಊರು, ತೀಸಾ ಹೊಳೆಯ ಬೆನ್ನಿಗಿರುವ ಬೀದಿ,
ಮೂರು ಮೆಟ್ಟಿಲಿಳಿದರೆ ಎತೆಲ್ಕಾ ನೇನಿಯ ಗಡಿಯಾರದಂಗಡಿ.
ಪಂಗಾನಿಯಿಂದ ಮಣ್ಣುಶಾಸ್ತ್ರ ಓದಲು ಬಂದ ಮ್ವಾನಾಕೊಂಬೊ
ನಿಂತುಹೋದ ಕೈಗಡಿಯಾರ ಕೊಟ್ಟು ಹೋಗಿದ್ದಳು.
"ನಾಳೆ ಫೇಲ್ ನ್ಯೋಲ್ತ್ಸ್‌ಗೆ ಬಾ" ಎಂದಿದ್ದಳು ಮುದುಕಿ.
ಅರ್ಧ ಎಂಟು.

ಹುಡುಗಿ ಬಂದದ್ದು ಎಂಟೂವರೆಗೆ.
ಮುದುಕಿ ಏಳೂವರೆಯಿಂದ ಬಾಗಿಲು ತೆರೆದಿಟ್ಟು
ಥಂಡಿ ಕುಡಿಯುತ್ತ ಕೂತಿದ್ದಳು.

"ಎಂಟನೆಯ ಲೋಟ ಅರ್ಧ ತುಂಬಿದರೆ ಅರ್ಧ ಎಂಟು.
ಎಂಟು ಇನ್ನೂ ಆಗಿಲ್ಲ ಮಗಳೇ, ಆಗುತ್ತಾ ಇದೆ."
"ನಮ್ಮಲ್ಲಿ ಅದು ಸಾ ಮೋಜಾ ನಾ ನೂಸು, ಒಂದೂವರೆ.
ಸೂರ್ಯ ಹುಟ್ಟಿದ ಮೇಲೆ ಹಗಲಿನ ಎಣಿಕೆ,
ಕತ್ತಲೆಗೆ ಬೇರೆ ಖಾತೆ."
ಮುದುಕಿ ಕಿಟಕಿಗೆ ಕೈ ತೋರಿದಳು. ಜನವರಿ.
ಈ ಊರಲ್ಲಿ ಸೂರ್ಯ ಏಳುವುದೇ ಏಳೂವರೆಗೆ.
"ಹಾಗಾದರೆ ನಿನ್ನ ಲೆಕ್ಕಕ್ಕೆ ಇಲ್ಲಿ ಏನಾಯಿತು? ಸೊನ್ನೆಯೇ?"

ಅಂದಿನಿಂದ ಹಳೆಯ ರಸೀದಿಗಳ ಬೆನ್ನ ಮೇಲೆ ಪಾಠ.
ಹಾಜ್ ಮನೆ, ಹಾಜಮ್ ನನ್ನ ಮನೆ,
ಹಾಜಮ್‌ಬನ್ ನನ್ನ ಮನೆಯಲ್ಲಿ:
ಬಾಲಕ್ಕೆ ಬಾಲ ಕಟ್ಟಿ ಉದ್ದವಾಗುವ ಮಾತು.
ಹುಡುಗಿಯ ಮಾತು ತಲೆಯ ಕಡೆಯಿಂದ ಬೆಳೆಯುತ್ತದೆ.
ನಿನಾಕು... ಎಂದಳು, ತಡೆದಳು.
"ಇಲ್ಲಿಯ ತನಕ ನಾನು, ಈಗ, ನಿನ್ನನ್ನು; ಅಷ್ಟೇ ಗೊತ್ತು.
ಮುಂದೆ ಪೆಂಡಾ ಬಂದರೆ ಪ್ರೀತಿ,
ಪೀಗಾ ಬಂದರೆ ಪೆಟ್ಟು."
ಮುದುಕಿ ನಕ್ಕು ಸೂಜಿಮೊಳೆ ಕೈಜಾರಿ ಬಿತ್ತು.
"ನಮ್ಮದು ಸೆರೆತ್‌ಲೆಕ್. ಪ್ರೀತಿ ಮೊದಲೇ ಬಂದು ಕೂರುತ್ತೆ,
ಯಾರದು, ಯಾರ ಮೇಲೆ ಅಂತ ಆಮೇಲೆ ವಿಚಾರಣೆ."

ಅಂಗಡಿಯಲ್ಲಿದ್ದದ್ದು ಎರಡು ಕುರ್ಚಿ.
ಕೇತ್ ಸೇಕ್, ಎರಡು ಕುರ್ಚಿ, ಅಷ್ಟೇ ಎತೆಲ್ಕಾಗೆ.
ಎರಡು ಅಂದಾಯಿತಲ್ಲ, ಇನ್ನು 'ಗಳು' ಯಾಕೆ ದಂಡ?
ಮ್ವಾನಾಕೊಂಬೊ ಹೇಳಿದಳು: ವೀತಿ ವಿಜೂರಿ ವಿವೀಲಿ,
ಚಂದದ ಎರಡು ಕುರ್ಚಿಗಳು.
ಕುರ್ಚಿಗೊಂದು ವಿ, ಚಂದಕ್ಕೊಂದು ವಿ, ಎರಡಕ್ಕೂ ಒಂದು,
ಮನೆಮಂದಿಯೆಲ್ಲ ಒಂದೇ ಥಾನಿನ ಬಟ್ಟೆ ಹೊಲಿಸಿ
ಮದುವೆಗೆ ಹೊರಟ ಹಾಗೆ.

ಕಾವೇ, ಕಹಾವಾ.
ಅರಬರ ಒಂದೇ ಕಾಳು ಎರಡು ದಾರಿ ಹಿಡಿದು ಬಂದು
ಒಂದೇ ಮೇಜಿನ ಮೇಲೆ ಹಬೆಯಾಡಿತು.

"ಈ ಗಡಿಯಾರ ಯಾರು ಕೊಟ್ಟದ್ದು?"
ಹುಡುಗಿ ಎಂದಳು: ಓ.
ತುಟಿ ದುಂಡಗೆ ಮಾಡಿ, ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ.
ಗಂಡಿಗೂ ಹೆಣ್ಣಿಗೂ ಅದೊಂದೇ ಅಕ್ಷರ ಅಲ್ಲಿ.
ಅವಳ ಊರಲ್ಲಿ ಯೇಯೇ, ಅದೂ ಹಾಗೆಯೇ.
ಮುದುಕಿ ಗೋಡೆಯ ಮೇಲೆ ಸುಮ್ಮನಿದ್ದ ಲೋಲಕ ನೋಡಿದಳು.
"ಅದಕ್ಕೆ ಭಾನುವಾರ ಭಾನುವಾರ ಕೀಲಿ ಕೊಡುತ್ತಿದ್ದದ್ದೂ ಓ."
ಇಬ್ಬರೂ ಹೆಚ್ಚು ಕೇಳಲಿಲ್ಲ. ಕೇಳುವ ಅಗತ್ಯ ಆ ಮಾತುಗಳಿಗಿಲ್ಲ.

ಸಂಕಟ ಬರೆಯುವ ನನಗೆ.
ನನ್ನ ಕನ್ನಡ ಕ್ರಿಯಾಪದದ ತುದಿಯಲ್ಲಿ ನಿಂತು ಕೇಳುತ್ತದೆ
ಕೊಟ್ಟನೋ, ಕೊಟ್ಟಳೋ?
ಕೊಟ್ಟರು ಎಂದು ಬಹುವಚನದಲ್ಲಿ ಪಾರಾಗಲೆಂದರೆ
ಅಷ್ಟು ದೂರದ ಜೀವಗಳಲ್ಲ ಅವು.
ಹೆಂಡತಿಯೋ, ಅಣ್ಣನೋ, ಹೆಸರಿಡದ ಯಾರೋ.
'ಕೊಟ್ಟದ್ದು' ಎಂದು ಬರೆದು ಕೈ ತೊಳೆದುಕೊಂಡಿದ್ದೇನೆ,
ನೀವು ಗಮನಿಸಿರಬಹುದು.

ಗಡಿಯಾರ ನಡೆಯಿತು. ನೀನಾ ಸಾ, ಎಂದಳು ಹುಡುಗಿ,
ನಾನು ಗಡಿಯಾರದೊಂದಿಗೆ ಇದ್ದೇನೆ.
"ನಾವು 'ನನ್ನ ಗಡಿಯಾರ ಇದೆ' ಅಂತೀವಿ" ಎಂದಳು ಮುದುಕಿ.
"ಒಂದೊಂದು ಸಲ ಅದು ಇರುತ್ತೆ, ನಾವು ಅದರ ಜೊತೆ ಇರೋದಿಲ್ಲ."

ಬಾಗಿಲವರೆಗೆ ಬಂದು ಕೂಗಿದಳು:
"ರಿಪೇರಿ ಇಲ್ಲದಿದ್ದರೂ ಗುರುವಾರ ಬಾ. ಒಂದೂವರೆಗೆ!"
ಮೂರನೆಯ ಮೆಟ್ಟಿಲ ಮೇಲೆ ಹುಡುಗಿ ನಿಂತಳು.
ಯಾರ ಒಂದೂವರೆಗೆ?