ಚೀಲದ ಕೌಂಟರು

ಪುಸ್ತಕ ನನ್ನ ಸುಪರ್ದಿಯಲ್ಲ.
ಅವು ಒಳಗೆ, ಗಾಜಿನ ಬಾಗಿಲಿನಾಚೆ,
ಫ್ಯಾನಿನ ಕೆಳಗೆ ತಮ್ಮಷ್ಟಕ್ಕೆ ಪುಟ ಮಗುಚಿಕೊಂಡಿರುತ್ತವೆ.
ನನ್ನದು ಹೊರಗಿನ ಹಲಗೆ,
ಇನ್ನೂರು ಗೂಡು, ಇನ್ನೂರು ಹಿತ್ತಾಳೆ ಬಿಲ್ಲೆ.
ಸರಿಯಾಗಿ ಹೇಳಬೇಕೆಂದರೆ ನೂರ ತೊಂಬತ್ತಾರು;
ನಾಲ್ಕನ್ನು ಯಾರೋ ಜೇಬಿನಲ್ಲೇ ಮನೆಗೊಯ್ದರು,
ಒಂದಕ್ಕೆ ನೂರರಂತೆ ನನ್ನ ಸಂಬಳದಲ್ಲಿ ಮುರಿದರು.

ಎಂಟಕ್ಕೆ ಬಾಗಿಲು.
ಏಳೂಮುಕ್ಕಾಲಕ್ಕೇ ಮೆಟ್ಟಿಲ ಮೇಲೆ ಸಾಲು.
ಕುಕ್ಕರಹಳ್ಳಿ ಕೆರೆ ಸುತ್ತಿ ವಾಕಿಂಗ್ ಮುಗಿಸಿದವರು
ಕಾರು ಹತ್ತುವ ಹೊತ್ತಿಗೆ
ಮಳವಳ್ಳಿ, ನಂಜನಗೂಡು, ಕೆ.ಆರ್. ಪೇಟೆಯ ಬಸ್ಸಿಳಿದವರು
ಗಂಗೋತ್ರಿಯ ನಲ್ಲಿಯಲ್ಲಿ ಮುಖ ತೊಳೆದು ನಿಂತಿರುತ್ತಾರೆ.

ಮುಖ ನೋಡುವುದಿಲ್ಲ ನಾನು, ಹೊತ್ತು ಸಾಲದು.
ಕೈಗೆ ಬಂದ ಭಾರದಲ್ಲೇ ಆಳು ಗೊತ್ತಾಗುತ್ತದೆ.
ಇದು ರಸಾಯನಶಾಸ್ತ್ರದ ಹುಡುಗಿ, ಬಿಳಿ ಕೋಟು, ಹಗುರ.
ಇದು ಕಾನೂನು, ತೋಳು ಕೀಳುತ್ತದೆ.
ಇದರಲ್ಲಿ ಹುರುಳಿ ಬಸ್ಸಾರು, ಮುಚ್ಚಳ ಸಡಿಲ,
ನೆಟ್ಟಗೆ ಇಡಬೇಕು, ಇಲ್ಲದಿದ್ದರೆ
ಕೆಳಗೂಡಿನ ಸಂಶೋಧನಾ ಪ್ರಬಂಧಕ್ಕೆ
ಸಂಜೆಯೊಳಗೆ ಒಗ್ಗರಣೆ.

ನೂರ ಹದಿಮೂರನ್ನು ಕೇಳಿ ಪಡೆಯುವವನು ಒಬ್ಬ,
ಮಂಟೇಲಿಂಗ. ಬೂದು ಚೀಲ, ಜಿಪ್ಪಿನ ಜಾಗಕ್ಕೆ ಪಿನ್ನು.
ಒಂಬತ್ತು ವರ್ಷ.
ಎಫ್‌ಡಿಎ, ಪಿಡಿಒ, ಮತ್ತೆ ಎಫ್‌ಡಿಎ.
ಅಧಿಸೂಚನೆ ಬರುತ್ತದೆ, ಅದರ ಬೆನ್ನಿಗೇ ತಡೆಯಾಜ್ಞೆ,
ಹಣೆ ವರ್ಷಕ್ಕಿಷ್ಟು ಹಿಂದಕ್ಕೆ ಸರಿಯುತ್ತದೆ.
'ಈ ಸಲ ಆಗುತ್ತಕ್ಕ' ಅಂತ ಒಂದು ದಿನ ಅಂದವನಲ್ಲ.
ಅಂದದ್ದು ಇಷ್ಟೇ:
'ಛತ್ರಿ ಒದ್ದೆ ಐತೆ, ಹುಷಾರು ಕಣಕ್ಕ.'

ಹೋದ ಮಾರ್ಚಿನಲ್ಲಿ ನಾನೂ ಅರ್ಜಿ ಹಾಕಿದೆ.
ವಯೋಮಿತಿಗೆ ಹನ್ನೊಂದು ದಿನ ಬಾಕಿ ಇತ್ತು.
ತುಂಬಿಕೊಟ್ಟವನು ಅವನೇ, ಊಟದ ಬಿಡುವಿನಲ್ಲಿ, ಇದೇ ಹಲಗೆಯ ಮೇಲೆ.
ಮಾರನೇ ದಿನ ಹಳೇ ಪ್ರಶ್ನೆಪತ್ರಿಕೆಯ ಕಟ್ಟು ತಂದ.
'ಅಂಚಲ್ಲಿ ಪೆನ್ಸಿಲ್ ಗುರುತಿರೋವೆಲ್ಲ ನಾನು ತಪ್ಪಿದವು,
ಮೊದಲು ಅವನ್ನ ಓದಿ.'
ಹಿನಕಲ್ಲಿನ ಮನೆಯಲ್ಲಿ, ಕುಕ್ಕರಿನ ಕೂಗಿನ ನಡುವೆ,
ಒಬ್ಬ ಮನುಷ್ಯನ ಒಂಬತ್ತು ವರ್ಷದ ತಪ್ಪುಗಳನ್ನು
ಬಾಯಿಪಾಠ ಮಾಡಿದೆ.

ಮಂಡ್ಯದ ಒಂದು ಹೈಸ್ಕೂಲು, ಭಾನುವಾರ.
ಗೇಟಿನಲ್ಲಿ ಪೊಲೀಸಿನವಳು ಬಳೆ ಬಿಚ್ಚಿಸಿದಳು.
'ಚೀಲ ಒಳಕ್ಕಿಲ್ಲ.'
ಎಲ್ಲಿಡಲಿ ಅಂದೆ.
ಹೊಂಗೆ ಮರದ ಬುಡ ತೋರಿಸಿದಳು.
ಅಲ್ಲಿ ರಾಶಿ ಚೀಲ, ಒಂದರ ಮೇಲೊಂದು,
ಬಿಲ್ಲೆ ಇಲ್ಲ, ಗೂಡಿಲ್ಲ,
ಯಾರದು ಯಾವುದೆಂದು ಬಲ್ಲವರಿಲ್ಲ.
ಹದಿನೇಳು ವರ್ಷದ ಕೈ, ಸುಮ್ಮನಿರಲಿಲ್ಲ:
ಅಡಿಯಲ್ಲಿ ಮಗುಚಿ ಬಿದ್ದಿದ್ದ ಡಬ್ಬಿಯ ಚೀಲವೊಂದನ್ನು
ಎಳೆದು ನೆಟ್ಟಗೆ ನಿಲ್ಲಿಸಿತು.
ಅದರ ಪಕ್ಕಕ್ಕೇ ಬೂದು ಬಣ್ಣ, ಪಿನ್ನು.
ನನ್ನದನ್ನು ಅದಕ್ಕೊರಗಿಸಿದೆ.
ಗಂಟೆ ಹೊಡೆಯಿತು.

ಇವತ್ತು ಸೋಮವಾರ. ಬಂದ.
ಕೇಳುವ ಮೊದಲೇ ನೂರ ಹದಿಮೂರು ಕೊಟ್ಟೆ.
'ನಲ್ವತ್ತೆರಡಕ್ಕೆ ಏನ್ ಬರೆದ್ರಕ್ಕ?'
ಹೇಳಿದೆ.
ಬಿಲ್ಲೆಯನ್ನು ಅಂಗೈಯಲ್ಲಿ ಒಂದೆರಡು ಸಲ ತಿರುವಿದ.
'ಹಂಗಾರೆ ಅದನ್ನ ಈ ಸಲಾನೂ ತಪ್ಪಿದೆ' ಎಂದು ನಕ್ಕು
ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದ.

ಹಿಂದಿನವರು ಚೀಲ ಚಾಚಿದರು.
ಕಾನೂನು.
ಎರಡೂ ಕೈ ಕೊಟ್ಟೆ.